ಗೋಡೆಗಳಿಲ್ಲದ ಅರಮನೆ: ಫಿಶ್‌ಬೋರ್ನ್ ಉತ್ಖನನದ ಕಥೆ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಚಿತ್ರಗಳನ್ನು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ. ಚಿತ್ರಗಳಿಲ್ಲದೆ ಅರ್ಥವಾಗದ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

1960ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಫಿಶ್‌ಬೋರ್ನ್ ಎಂಬ ಹಳ್ಳಿಯ ಹೊಲವೊಂದರಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆ ಹಾಕುವ ಕೆಲಸ ನಡೆದಿತ್ತು. ಕೊಳವೆಗೆಂದು ತೋಡಿದ ಕಂದಕದಿಂದ ಮಣ್ಣಿನ ಜೊತೆ ಹೆಂಚಿನ ಚೂರು, ಗಾರೆ, ಕಲ್ಲು ಮೇಲೆ ಬರತೊಡಗಿತು. ಹೆಂಚು ಆ ಕಾಲದ್ದಲ್ಲ, ದಪ್ಪ, ಅಂಚು ಮಡಚಿದ್ದು. ರೋಮನ್ ಹೆಂಚನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಸುದ್ದಿ ಪಕ್ಕದ ಚಿಚೆಸ್ಟರ್ ಪಟ್ಟಣದ ಪುರಾತತ್ತ್ವಾಸಕ್ತರ ಕಿವಿಗೆ ಬಿತ್ತು.

ಊರಿಗೆ ಇದು ಮೊದಲ ಸುಳಿವೇನೂ ಅಲ್ಲ. 1805ರಷ್ಟು ಹಿಂದೆಯೇ ಇದೇ ಹಳ್ಳಿಯಲ್ಲಿ ಪುಟ್ಟ ಕಲ್ಲಿನ ತುಣುಕು ಕೂಡಿಸಿ ಮಾಡಿದ ಮೊಸಾಯಿಕ್ ನೆಲಹಾಸೊಂದು ಸಿಕ್ಕಿದ ದಾಖಲೆ ಇದೆ. ಆಮೇಲೂ ಅಲ್ಲೊಂದು ಇಲ್ಲೊಂದು ತುಂಡು ಸಿಗುತ್ತಲೇ ಇತ್ತು. ಆದರೆ ಚೂರುಗಳನ್ನು ಜೋಡಿಸಿ ನೋಡಿದವರು ಇರಲಿಲ್ಲ. ರೋಮನ್ನರ ಕಾಲದಲ್ಲಿ ಹಳ್ಳಿಗಾಡಿನ ಜಮೀನ್ದಾರಿಕೆಯ ನಡುವೆ ಕಟ್ಟಿಕೊಂಡ ಮನೆಗೆ ವಿಲ್ಲಾ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಅಂಥವು ನೂರಾರು ಸಿಕ್ಕಿವೆ. ಇದೂ ಅಂಥದ್ದೊಂದು ಸಾಧಾರಣ ವಿಲ್ಲಾ ಇರಬಹುದು ಎಂಬ ಅಂದಾಜಿನಲ್ಲೇ ಮರು ವರ್ಷ ಅಗೆತ ಶುರುವಾಯಿತು.

1961ರ ಈಸ್ಟರ್ ರಜೆಯಲ್ಲಿ ಮೊದಲ ಪರೀಕ್ಷಾ ಕಂದಕಗಳು ಬಿದ್ದವು. ಮುಂದಾಳು ಬ್ಯಾರಿ ಕನ್ಲಿಫ್. ಆಗ ಅವರಿಗೆ 21 ವರ್ಷ, ಕೇಂಬ್ರಿಡ್ಜಿನ ವಿದ್ಯಾರ್ಥಿ. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿ, ಸರ್ ಪದವಿ ಪಡೆದು, ಯುರೋಪಿನ ಪುರಾತತ್ತ್ವದ ದೊಡ್ಡ ಹೆಸರಾದವರು. ಅಂದು ಅವರ ಕೈಯಲ್ಲಿದ್ದದ್ದು ಸ್ವಲ್ಪ ಹಣ ಮತ್ತು ರಜೆಯಲ್ಲಿ ಬಂದು ಮಣ್ಣು ಹೊರುವ ಸ್ವಯಂಸೇವಕರು. ವರ್ಷ ವರ್ಷವೂ ಬೇಸಿಗೆಯಲ್ಲಿ ನೂರಾರು ಜನ ಬಂದರು. ಶಾಲಾ ಮಕ್ಕಳು, ಗುಮಾಸ್ತರು, ನಿವೃತ್ತರು, ಎಲ್ಲರೂ ಮೊಣಕಾಲೂರಿ ಕರಣೆ ಹಿಡಿದು ಮಣ್ಣು ಕೆರೆದರು. 1960ರ ದಶಕ ಪೂರ್ತಿ ಅದು ಸಾಗಿತು.

ಸಿಕ್ಕಿದ್ದೇನು? ನಾಲ್ಕು ಬದಿಗೂ ಕಟ್ಟಡ, ನಡುವೆ ಉದ್ಯಾನ. ಒಂದೊಂದು ಬದಿ ಸುಮಾರು 150 ಮೀಟರ್ ಉದ್ದ. ಕೋಣೆಗಳು ನೂರರ ಹತ್ತಿರ. ಆಲ್ಪ್ಸ್ ಪರ್ವತದ ಉತ್ತರಕ್ಕೆ ಇಷ್ಟು ದೊಡ್ಡ ರೋಮನ್ ನಿವಾಸ ಬೇರೆ ಸಿಕ್ಕಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕನ್ಲಿಫ್ ಇದನ್ನು ಅರಮನೆ ಎಂದೇ ಕರೆದರು. ಹೆಚ್ಚು ಬೆರಗಿನ ವಿಷಯ ಇದರ ಕಾಲ. ಬ್ರಿಟನ್ನಿನ ಹೆಸರುವಾಸಿ ವಿಲ್ಲಾಗಳು ಬೆಳೆದು ದೊಡ್ಡದಾದದ್ದು ಮೂರು, ನಾಲ್ಕನೇ ಶತಮಾನಗಳಲ್ಲಿ. ಇದು ಕ್ರಿ.ಶ. 75–80ರ ಹೊತ್ತಿನದು. ರೋಮನ್ ಸೈನ್ಯ ಬ್ರಿಟನ್ನಿಗೆ ಕಾಲಿಟ್ಟದ್ದು 43ರಲ್ಲಿ. ಒಂದು ತಲೆಮಾರು ಕಳೆಯುವಷ್ಟರಲ್ಲಿ, ರೋಮನ್ನರು ಬರುವವರೆಗೆ ಮರ, ಜೇಡಿಮಣ್ಣು, ಹುಲ್ಲಿನ ಸೂರು ಬಿಟ್ಟು ಬೇರೆ ಕಾಣದ ಸೀಮೆಯಲ್ಲಿ ಇಟಲಿಯ ಶ್ರೀಮಂತರ ಮನೆಗಳ ಮಟ್ಟದ್ದೊಂದು ಕಟ್ಟಡ ಎದ್ದಿತ್ತು.

ಈಗ ಈ ಚಿತ್ರ ನೋಡಿ. (ಉತ್ಖನನದ ನಕ್ಷೆಯನ್ನು ತೋರಿಸುತ್ತ.) ಗೋಡೆಗಳೆಲ್ಲ ನೆಟ್ಟಗೆ, ಕೋಣೆಗಳೆಲ್ಲ ಚೊಕ್ಕ. ಈ ನಕ್ಷೆ ನೋಡಿದವರು ನೆಲದಡಿ ಗೋಡೆಗಳು ನಿಂತಿದ್ದವು, ಮಣ್ಣು ಸರಿಸಿದ್ದಷ್ಟೇ ಕೆಲಸ ಎಂದುಕೊಳ್ಳುತ್ತಾರೆ. ಹಾಗಿರಲಿಲ್ಲ. ಬಹುಪಾಲು ಕಡೆ ಗೋಡೆಯೇ ಇರಲಿಲ್ಲ.

ಅರಮನೆ ಪಾಳುಬಿದ್ದ ಮೇಲೆ ಜನ ಬಂದು ಕಲ್ಲು ಕಿತ್ತುಕೊಂಡು ಹೋದರು. ಆ ಸೀಮೆಯಲ್ಲಿ ಒಳ್ಳೆ ಕಟ್ಟಡದ ಕಲ್ಲು ಸುಲಭಕ್ಕೆ ಸಿಗುವುದಿಲ್ಲ. ಹಾಗಿರುವಾಗ ಕಡಿದು ಸಿದ್ಧವಾಗಿರುವ ಕಲ್ಲನ್ನು ಯಾರು ಬಿಟ್ಟಾರು? ನೆಲದ ಮೇಲಿನದು ಮುಗಿದ ಮೇಲೆ ಪಾಯದ ಕಲ್ಲಿಗೂ ಕೈಹಾಕಿದರು. ನಮ್ಮ ಕೋಟೆ ಊರುಗಳಲ್ಲಿ ಹಳೆ ಮನೆಗಳ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಯ ಕಿತ್ತ ಜಾಗ ಹಲ್ಲು ಕಿತ್ತ ಒಸಡಿನ ಹಾಗೆ ಗುಳಿಯಾಗಿ ಉಳಿಯಿತು. ಕಿತ್ತವರು ತಮಗೆ ಬೇಡದ ಗಾರೆ ಪುಡಿ, ಒಡಕು ಹೆಂಚು, ಸುಣ್ಣದ ಹೆಂಟೆ ಅದರೊಳಗೇ ಬಿಟ್ಟರು. ಕಾಲ ಕಳೆದು ಮೇಲೆ ಮಣ್ಣು ತುಂಬಿತು. ಶತಮಾನಗಳ ಮೇಲೆ ಅಗೆದವರಿಗೆ ಕಂಡದ್ದು ಗಟ್ಟಿ ಜೇಡಿಮಣ್ಣಿನ ನಡುವೆ ಸಡಿಲವಾದ, ಗಾರೆ ಬೆರೆತ, ಬೇರೆ ಬಣ್ಣದ ಒಂದು ಪಟ್ಟಿ. ಇಂಥದ್ದಕ್ಕೆ ಉತ್ಖನನದವರು ರಾಬರ್ ಟ್ರೆಂಚ್ ಎನ್ನುತ್ತಾರೆ, ಕಲ್ಲುಗಳ್ಳರ ಕಂದಕ ಅನ್ನಿ. ಆ ಪಟ್ಟಿಯ ಅಗಲ ಗೋಡೆಯ ಅಗಲ ಹೇಳುತ್ತದೆ, ಅದು ತಿರುಗಿದ ಕಡೆ ಕೋಣೆಯ ಮೂಲೆ. ನೀವು ನೋಡುತ್ತಿರುವ ನಕ್ಷೆಯಲ್ಲಿ ಬಹಳಷ್ಟು ಗೆರೆಗಳು ಇಂಥ ಕಳವಿನ ಗೆರೆಗಳು. ಕಳ್ಳರು ಅಚ್ಚುಕಟ್ಟಾಗಿ ಕದ್ದದ್ದರಿಂದಲೇ ಅರಮನೆಯ ಆಕಾರ ತಿಳಿಯಿತು ಎಂದರೂ ತಪ್ಪಾಗದು.

ಇನ್ನೊಂದು ಅನುಕೂಲ ಸಮರೂಪತೆ. ರೋಮನ್ ಕಟ್ಟಡ ಕಸುಬಿನವರು ಈ ಬದಿ ಮಾಡಿದ್ದನ್ನೇ ಆ ಬದಿಯೂ ಮಾಡುವವರು. ಉತ್ತರ ಬದಿಯ ಅಳತೆ ಸಿಕ್ಕರೆ ಪೂರ್ವ ಬದಿ ಎಲ್ಲಿ ತಿರುಗಬೇಕು, ನಡು ದಾರಿ ಎಲ್ಲಿ ಹಾಯಬೇಕು ಎಂದು ಲೆಕ್ಕ ಹಾಕಬಹುದು. ಲೆಕ್ಕ ಹಾಕಿ, ಅಲ್ಲೊಂದು ಕಂದಕ ತೋಡಿ, ಸಿಕ್ಕಿತೋ ಇಲ್ಲವೋ ನೋಡುವುದು. ಎಲ್ಲವನ್ನೂ ಅಗೆಯಬೇಕಾಗಿಲ್ಲ.

ಉದ್ಯಾನದ ವಿಷಯಕ್ಕೆ ಬರುತ್ತೇನೆ. ನನಗೆ ಇಡೀ ಫಿಶ್‌ಬೋರ್ನ್‌ನಲ್ಲಿ ಅತಿ ಜಾಣತನದ ಕೆಲಸ ಕಂಡದ್ದು ಇಲ್ಲೇ. ಪ್ರವಾಸಿಗರು ಮೊಸಾಯಿಕ್ ನೋಡಿ ಫೋಟೋ ತೆಗೆದು ಹೊರಡುತ್ತಾರೆ, ಹೊರಗಿನ ಬೇಲಿಗಿಡಗಳ ಸಾಲನ್ನು ಯಾರೋ ಮಾಲಿ ಅಂದಕ್ಕೆ ಬೆಳೆಸಿದ್ದು ಅಂದುಕೊಂಡು. ಅದು ಪುರಾವೆ.

ಅರಮನೆ ಕಟ್ಟುವ ಮುಂಚೆ ಇಳಿಜಾರು ನೆಲವನ್ನು ಮಟ್ಟಸ ಮಾಡಿದ್ದರು. ಎತ್ತರದ ಕಡೆ ಮಣ್ಣು ಕಡಿದು ತಗ್ಗಿನ ಕಡೆ ಹರಡಿದ್ದರು. ಹಾಗಾಗಿ ನಡು ಅಂಗಳದಲ್ಲಿ ಉಳಿದದ್ದು ಜೇಡಿ, ಗರಸು. ಗಿಡ ನೆಟ್ಟರೆ ಹತ್ತದ ನೆಲ. ಮಾಲಿಗಳು ಏನು ಮಾಡಿದರು? ಗಿಡ ಬರಬೇಕಾದ ಗೆರೆಗುಂಟ ಪಾತಿ ತೋಡಿ, ಅದರೊಳಗೆ ಸುಣ್ಣದಂಶ ಬೆರೆಸಿ ಹದ ಮಾಡಿದ ಒಳ್ಳೆ ಮಣ್ಣು ತುಂಬಿದರು. ಗಿಡ ಸತ್ತು ಶತಮಾನಗಳು ಕಳೆದರೂ ಆ ಕಪ್ಪು ಮಣ್ಣಿನ ಪಟ್ಟಿ ಹಳದಿ ಜೇಡಿಯಲ್ಲಿ ಹಾಗೇ ಉಳಿಯಿತು. ಅಗೆದವರು ಮೇಲ್ಮಣ್ಣು ಸರಿಸಿ, ನೆಲವನ್ನು ಕರಣೆಯಿಂದ ಸವರಿ ಚೊಕ್ಕ ಮಾಡಿದಾಗ ಪಾತಿಗಳ ವಿನ್ಯಾಸ ತಾನೇ ಎದ್ದಿತು. ನಡುವೆ ಸುಮಾರು 12 ಮೀಟರ್ ಅಗಲದ ದಾರಿ, ಅದರ ಎರಡೂ ಅಂಚಿಗೆ ಪಾತಿ. ಪಾತಿ ನೇರವಾಗಿ ಓಡುವುದಿಲ್ಲ. ಒಮ್ಮೆ ಅರ್ಧವೃತ್ತ, ಒಮ್ಮೆ ಚೌಕ, ಹೀಗೆ ಒಳಸರಿದು ಗೂಡುಗಳನ್ನು ಮಾಡುತ್ತ ಹೋಗುತ್ತದೆ. ಆ ಗೂಡುಗಳಲ್ಲಿ ಕಾರಂಜಿ ತೊಟ್ಟಿಯೋ ಶಿಲ್ಪವೋ ಆಸನವೋ ಇದ್ದಿರಬೇಕು. ಸುತ್ತ ಮಣ್ಣಿನ ಕೊಳವೆಗಳು ನೀರು ತರುತ್ತಿದ್ದವು. ಒಂದು ನೀರಿನ ಕೊಳವೆ ಹಾಕಲು ಹೋಗಿ ಪತ್ತೆಯಾದ ಮನೆಯಲ್ಲಿ ಇನ್ನೊಂದು ನೀರಿನ ಕೊಳವೆ, ನೋಡಿ.

ಪೂರ್ವದ ಕಡೆ ಸಾಲಾಗಿ ಕಂಬದ ಗುಳಿಗಳು ಸಿಕ್ಕವು. ಹಣ್ಣಿನ ಗಿಡಗಳನ್ನು ಚಪ್ಪರಕ್ಕೆ ಹಬ್ಬಿಸಿರಬೇಕು ಎಂದು ಕನ್ಲಿಫ್ ಊಹಿಸಿದರು. ಇಂದು ಅದೇ ಪಾತಿಗಳಲ್ಲಿ ಬಾಕ್ಸ್ ಎಂಬ ಬೇಲಿಗಿಡ ನೆಟ್ಟಿದ್ದಾರೆ. ರೋಮನ್ನರು ಬೇಲಿಗೆ ಬಳಸುತ್ತಿದ್ದ ಗಿಡ ಅದೇ. ಆದರೆ ಇಲ್ಲಿ ಅದೇ ಇತ್ತು ಎಂದು ಮಣ್ಣು ಹೇಳಿಲ್ಲ. ಪಾತಿಯ ಗೆರೆ ಸಾಕ್ಷ್ಯ, ಗಿಡ ಊಹೆ. ಎರಡನ್ನೂ ಬೇರೆ ಇಟ್ಟು ನೋಡಬೇಕು.

ಕಾಲನಿರ್ಣಯ ಹೇಗೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಚುಟುಕಾಗಿ ಹೇಳುತ್ತೇನೆ. ಗಾಲ್ ದೇಶದಿಂದ, ಅಂದರೆ ಇಂದಿನ ಫ್ರಾನ್ಸಿನಿಂದ, ಕೆಂಪು ಮೆರುಗಿನ ಊಟದ ತಟ್ಟೆಗಳು ಬರುತ್ತಿದ್ದವು. ಪುರಾತತ್ತ್ವದವರು ಸೇಮಿಯನ್ ಎನ್ನುತ್ತಾರೆ. ಹಲವುಗಳ ತಳದಲ್ಲಿ ಮಾಡಿದ ಕುಂಬಾರನ ಹೆಸರಿನ ಮುದ್ರೆ ಇರುತ್ತದೆ. ಯಾವ ಕುಂಬಾರ ಯಾವ ದಶಕದವನು ಎಂಬ ಪಟ್ಟಿ ತಯಾರಿದೆ. ನೆಲದ ಗಾರೆಯ ಕೆಳಗೆ ಸಿಕ್ಕ ಚೂರು ಕ್ರಿ.ಶ. 70ರ ದಶಕದ್ದಾದರೆ ನೆಲ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಅಷ್ಟೇ ಸೂತ್ರ. ಆದರೆ ಚೂರು ಸಿಕ್ಕ ಪದರ ಯಾವುದು ಎಂದು ಬರೆದಿಟ್ಟುಕೊಳ್ಳದಿದ್ದರೆ ಅದು ಬರೀ ಓಡು.

ಪದರ ಎಂದಾಗ ನೆಲದ ಕೆಳಗಿನ ಕಥೆಯನ್ನೂ ಹೇಳಬೇಕು. ಅರಮನೆಯ ಕೆಳಗೆ ಇನ್ನೊಂದು ಕಲ್ಲಿನ ಮನೆ ಇತ್ತು, ಕ್ರಿ.ಶ. 60ರ ದಶಕದ್ದು, ಸ್ನಾನಗೃಹ, ಕಂಬಸಾಲು ಎಲ್ಲ ಇದ್ದದ್ದು. ಅದರ ಕೆಳಗೆ ಮರದ ಕಟ್ಟಡಗಳು. ಅದಕ್ಕೂ ಕೆಳಗೆ, 43ರ ದಂಡಯಾತ್ರೆಯ ಹೊತ್ತಿನ ದೊಡ್ಡ ಮರದ ಕಣಜಗಳು. ಸಮುದ್ರದ ಹಿನ್ನೀರು ಅಲ್ಲಿಯವರೆಗೆ ಬರುತ್ತಿತ್ತು. ಹಡಗಿನಲ್ಲಿ ಬಂದ ಧಾನ್ಯವನ್ನು ಸೈನ್ಯಕ್ಕಾಗಿ ದಾಸ್ತಾನು ಮಾಡುವ ಜಾಗ ಎಂದು ಕನ್ಲಿಫ್ ಓದಿದರು. ಆ ಹಳೆ ಕಟ್ಟಡಗಳಿಗೆ ತೋಡಿದ್ದ ಗುಂಡಿಗಳು ಅರಮನೆಗೆ ತಿರುಗೇಟು ಕೊಟ್ಟಿವೆ. ಅವುಗಳಲ್ಲಿ ತುಂಬಿದ್ದ ಮಣ್ಣು ನಿಧಾನಕ್ಕೆ ಕುಸಿದು ಮೇಲಿನ ಮೊಸಾಯಿಕ್ ನೆಲ ಅಲ್ಲಲ್ಲಿ ಜಗ್ಗಿದೆ.

ಹೌದು, ಮೊಸಾಯಿಕ್. ಅದನ್ನು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. (ಚಿತ್ರ ತೋರಿಸುತ್ತ.) ಉತ್ತರ ಬದಿಯ ಕೋಣೆಯೊಂದರಲ್ಲಿರುವುದು ಇದು. ನಡುವಿನ ವೃತ್ತದಲ್ಲಿ ರೆಕ್ಕೆಯ ಬಾಲಕ ಕ್ಯುಪಿಡ್, ಕೈಯಲ್ಲಿ ತ್ರಿಶೂಲ, ಡಾಲ್ಫಿನ್ ಮೀನಿನ ಮೇಲೆ ಸವಾರಿ. ಸುತ್ತ ನಾಲ್ಕು ಅರ್ಧವೃತ್ತ. ಎರಡರಲ್ಲಿ ಹಿಂಗಾಲಿನ ಬದಲು ಮೀನಿನ ಬಾಲವಿರುವ ಕುದುರೆ, ಇನ್ನೆರಡರಲ್ಲಿ ಅದೇ ಬಗೆಯ ಚಿರತೆ. ಇದು ಅರಮನೆ ಕಟ್ಟಿದ ಕಾಲದ್ದಲ್ಲ, ಎರಡನೇ ಶತಮಾನದ ನಡುಭಾಗದ್ದು. ಎರಡು ಕುದುರೆಗಳನ್ನು ಹತ್ತಿರದಿಂದ ನೋಡಿ. ಒಂದರ ಕತ್ತು, ಎದೆ ತುಂಬಿಕೊಂಡು ಜೀವಂತ. ಇನ್ನೊಂದು ಪೆಚ್ಚು. ಒಂದನ್ನು ಗುರು ಮಾಡಿದ, ಮತ್ತೊಂದನ್ನು ಶಿಷ್ಯನಿಗೆ ಬಿಟ್ಟ ಎಂದು ಹೇಳುವವರುಂಟು. ಅಂಚಿನ ಬಳ್ಳಿಯಲ್ಲಿ ಒಂದು ಪುಟ್ಟ ಹಕ್ಕಿ ಕೂತಿದೆ, ಉಳಿದ ವಿನ್ಯಾಸಕ್ಕೆ ಸಂಬಂಧವಿಲ್ಲದಂತೆ. ಅದು ಕುಶಲಕರ್ಮಿಯ ಸಹಿ ಇರಬಹುದಂತೆ. ಕೇಳಲು ಚೆನ್ನಾಗಿದೆ. ನಾನು ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ.

ಸಂರಕ್ಷಣೆಗೆಂದು ಈ ನೆಲಹಾಸನ್ನು ಎತ್ತಿದಾಗ ಅಡಿಯಲ್ಲಿ ಇನ್ನೊಂದು ಸಿಕ್ಕಿತು, ಮೊದಲ ಶತಮಾನದ ಕಪ್ಪು ಬಿಳುಪಿನದು. ಅದರಲ್ಲಿ ಕೋಟೆಗೋಡೆಯ ತೆನೆಗಳ ಅಂಚು. ಅರಮನೆಯ ಮೂಲ ನೆಲಗಳೆಲ್ಲ ಬಹುಮಟ್ಟಿಗೆ ಈ ಜಾತಿಯವು: ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಚೌಕ ತ್ರಿಕೋನಗಳ ಲೆಕ್ಕ. ಅದೇ ಕಾಲದ ಇಟಲಿಯ ಫ್ಯಾಷನ್ ಅದು. ಕ್ಯುಪಿಡ್ ಜನಪ್ರಿಯ ನಿಜ, ಆದರೆ ಮನೆ ಕಟ್ಟಿಸಿದವನ ರುಚಿ ತಿಳಿಯಬೇಕಾದರೆ ಈ ಕಪ್ಪು ಬಿಳುಪನ್ನೇ ನೋಡಬೇಕು. ಗೋಡೆಯ ಗಿಲಾವಿನ ಒಂದು ತುಂಡಿನಲ್ಲಿ ಸಮುದ್ರತೀರದ ಚಿತ್ರವಿದೆ. ಅದರ ಶೈಲಿಯನ್ನು ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಇಟಲಿಯ ಸ್ಟಾಬಿಯೆ ಊರಿನ ಚಿತ್ರಗಳಿಗೆ ಹೋಲಿಸುತ್ತಾರೆ. ಕುಸುರಿ ಕೆಲಸದವರು ಸಮುದ್ರ ದಾಟಿ ಬಂದಿದ್ದರು ಎಂಬುದರಲ್ಲಿ ಅನುಮಾನವಿಲ್ಲ.

ಬಂದವರಿಗೆ ಕೂಲಿ ಕೊಟ್ಟವನು ಯಾರು? ಇಲ್ಲಿಂದ ನಾವು ಸ್ವಲ್ಪ ಎಚ್ಚರದಿಂದ ಹೆಜ್ಜೆ ಇಡಬೇಕು.

ಪುಸ್ತಕಗಳಲ್ಲಿ, ಫಲಕಗಳಲ್ಲಿ, ಟೀವಿಯಲ್ಲಿ ಒಂದು ಹೆಸರು ಕೇಳುತ್ತೀರಿ: ಟೋಗಿದುಬ್ನಸ್, ಕೆಲವರು ಹೇಳುವಂತೆ ಕೋಗಿದುಬ್ನಸ್. ಇವನು ಬ್ರಿಟನ್ನಿನ ಸ್ಥಳೀಯ ರಾಜ, ರೋಮಿನ ಅಧೀನ ಮಿತ್ರ. ಇವನ ಬಗ್ಗೆ ನಮಗಿರುವ ಆಧಾರ ಎರಡೇ. ಒಂದು, ಇತಿಹಾಸಕಾರ ಟ್ಯಾಸಿಟಸ್ ತನ್ನ ಮಾವ ಅಗ್ರಿಕೋಲನ ಚರಿತ್ರೆಯಲ್ಲಿ ಬರೆದ ಮಾತು: ಕೆಲವು ಬುಡಕಟ್ಟುಗಳನ್ನು ಈ ರಾಜನಿಗೆ ಕೊಡಲಾಯಿತು, ಅವನು ನಮ್ಮ ನೆನಪಿನ ಕಾಲದವರೆಗೂ ನಿಷ್ಠನಾಗಿ ಉಳಿದ. ಒಂದೇ ವಾಕ್ಯ. ಅದೇ ವಾಕ್ಯದಲ್ಲಿ ಟ್ಯಾಸಿಟಸ್ ಕುಟುಕುತ್ತಾನೆ ಕೂಡ, ರಾಜರನ್ನೂ ಗುಲಾಮಗಿರಿಯ ಸಾಧನ ಮಾಡಿಕೊಳ್ಳುವುದು ರೋಮಿನ ಹಳೆಯ ರೂಢಿ ಎಂದು.

ಎರಡು, ಚಿಚೆಸ್ಟರಿನ ಶಾಸನ. 1723ರಲ್ಲಿ ಪಟ್ಟಣದ ಬೀದಿಯೊಂದರ ಮೂಲೆಯಲ್ಲಿ ಸಿಕ್ಕಿದ್ದು, ಅಗೆಯುವಾಗಲೇ ಒಡೆದದ್ದು. ಈಗ ನಾರ್ತ್ ಸ್ಟ್ರೀಟಿನ ಕಟ್ಟಡವೊಂದರ ಗೋಡೆಗೆ ಸೇರಿಸಿದ್ದಾರೆ, ದಾರಿಹೋಕರು ನಿಂತು ಓದಬಹುದು. ನೆಪ್ಚೂನ್ ಮತ್ತು ಮಿನರ್ವ ದೇವತೆಗಳಿಗೆ ಕುಶಲಕರ್ಮಿಗಳ ಸಂಘದವರು ಗುಡಿ ಕಟ್ಟಿಸಿದರು, ಟೈಬೀರಿಯಸ್ ಕ್ಲಾಡಿಯಸ್ ಇಂಥವನ ಅಪ್ಪಣೆಯಿಂದ ಎಂದಿದೆ. ಇಂಥವನ ಹೆಸರಿನ ಮೊದಲ ಅಕ್ಷರಗಳಿದ್ದ ಕಲ್ಲಿನ ಭಾಗ ಹೋಗಿದೆ. ಉಳಿದದ್ದು ‘ಗಿದುಬ್ನಿ’. ಟ್ಯಾಸಿಟಸನ ಹಸ್ತಪ್ರತಿಗಳಲ್ಲಿ ಪಾಠಾಂತರವಿದೆ, ಹಾಗಾಗಿ ಕೋ ಅಥವಾ ಟೋ ಎಂಬ ಜಗಳ. ಅವನ ಬಿರುದಿನ ಸಾಲೂ ಸವೆದಿತ್ತು. ಬಹುಕಾಲ ಅದನ್ನು ‘ರಾಜ ಮತ್ತು ಚಕ್ರವರ್ತಿಯ ಪ್ರತಿನಿಧಿ’ ಎಂದು ಓದುತ್ತಿದ್ದರು. 1979ರಲ್ಲಿ ಬೋಗರ್ಸ್ ಎಂಬ ವಿದ್ವಾಂಸರು ಅಕ್ಷರಗಳನ್ನು ಮತ್ತೆ ಪರಿಶೀಲಿಸಿ ‘ಬ್ರಿಟನ್ನಿನ ಮಹಾರಾಜ’ ಎಂದು ಓದಿದರು. ಈಗ ಅದೇ ಹೆಚ್ಚು ಒಪ್ಪಿತ. ಶಾಸನ ಓದಿದ ಅಭ್ಯಾಸವಿರುವ ನಿಮಗೆ ಗೊತ್ತು, ಸವೆದ ಒಂದು ಸಾಲಿನಿಂದ ಒಬ್ಬ ಮನುಷ್ಯನ ಹುದ್ದೆಯೇ ಬದಲಾಗಿಬಿಡುತ್ತದೆ.

ಕನ್ಲಿಫ್ ಈ ಎರಡಕ್ಕೂ ಅರಮನೆಯನ್ನು ಜೋಡಿಸಿದರು. ವಾದ ಸೊಗಸಾಗಿದೆ. 43ರ ದಂಡಯಾತ್ರೆಯಲ್ಲಿ ದಕ್ಷಿಣ ಸೀಮೆಯನ್ನು ಗೆದ್ದ ದಳದ ನಾಯಕ ವೆಸ್ಪೇಷಿಯನ್. ಅವನು 69ರಲ್ಲಿ ಚಕ್ರವರ್ತಿಯಾದ. ಅರಮನೆ ಎದ್ದದ್ದು ಅವನ ಆಳ್ವಿಕೆಯಲ್ಲಿ. ಹಳೆಯ ಗೆಳೆಯನಿಗೆ, ಮುಪ್ಪಿನಲ್ಲಿದ್ದ ನಿಷ್ಠಾವಂತ ರಾಜನಿಗೆ, ಕೊಟ್ಟ ಕೊಡುಗೆ ಇದು. ಕಥೆಯಾಗಿ ಇದಕ್ಕಿಂತ ಬೇರೆ ಬೇಕೆ? ಆದರೆ ಅರಮನೆಯ ಒಂದು ಇಟ್ಟಿಗೆಯ ಮೇಲೂ ಆ ರಾಜನ ಹೆಸರಿಲ್ಲ. ಶಾಸನ ಸಿಕ್ಕಿದ್ದು ಪಟ್ಟಣದಲ್ಲಿ, ಅರಮನೆಯಲ್ಲಲ್ಲ. ರೋಮನ್ ರಾಜ್ಯಪಾಲನೊಬ್ಬನ ಮನೆ ಇರಬಾರದೇಕೆ ಎಂದು ಕೇಳುವವರಿದ್ದಾರೆ. ಮೈಲ್ಸ್ ರಸೆಲ್ ಎಂಬ ಪುರಾತತ್ತ್ವಜ್ಞರು ಸಲ್ಲೂಸ್ಟಿಯಸ್ ಲುಕುಲ್ಲಸ್ ಎಂಬ ರಾಜ್ಯಪಾಲನ ಹೆಸರು ಸೂಚಿಸಿದ್ದಾರೆ. ಅದಕ್ಕೂ ನೇರ ಪುರಾವೆ ಇಲ್ಲ.

1990ರ ದಶಕದಲ್ಲಿ ಅರಮನೆಯ ಪೂರ್ವಕ್ಕೆ ನಡೆದ ಅಗೆತದಲ್ಲಿ ಒಂದು ಬಂಗಾರದ ಉಂಗುರ ಸಿಕ್ಕಿತು, ಮುದ್ರೆಯೊತ್ತುವ ಉಂಗುರ. ಅದರ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆದ ಹೆಸರು: ಟೈಬೀರಿಯಸ್ ಕ್ಲಾಡಿಯಸ್ ಕಟುವಾರಸ್. ಕಟುವಾರಸ್ ಸ್ಥಳೀಯ ಕೆಲ್ಟಿಕ್ ಹೆಸರು. ಮೊದಲ ಎರಡು ಹೆಸರು, ಕ್ಲಾಡಿಯಸ್ ಚಕ್ರವರ್ತಿಯಿಂದ ರೋಮನ್ ಪೌರತ್ವ ಬಂದವರು ಇಟ್ಟುಕೊಳ್ಳುತ್ತಿದ್ದವು, ಟೋಗಿದುಬ್ನಸನೂ ಅವೇ ಎರಡನ್ನು ಇಟ್ಟುಕೊಂಡಿದ್ದ. ಅಂದರೆ ಆ ಹೊಲದ ಸುತ್ತ ರೋಮನ್ ಪೌರನಾದ, ಬಂಗಾರದುಂಗುರ ತೊಡುವ ಯೋಗ್ಯತೆಯ, ಸ್ಥಳೀಯ ಕುಲೀನ ಇನ್ನೊಬ್ಬನಾದರೂ ಓಡಾಡಿಕೊಂಡಿದ್ದ. ನನ್ನ ಅಭಿಪ್ರಾಯ ಕೇಳಿದರೆ, ಮನೆ ಸ್ಥಳೀಯ ದೊರೆತನದ್ದು ಎಂಬ ಕನ್ಲಿಫ್ ವಾದದ ಬುಡ ಗಟ್ಟಿ. ಅದರ ಮೇಲೆ ಒಬ್ಬನೇ ವ್ಯಕ್ತಿಯ ಹೆಸರು ಬರೆದ ಫಲಕ ತೂಗುಹಾಕುವುದು ಅವಸರ. ಇಡೀ ಫಿಶ್‌ಬೋರ್ನ್‌ನಲ್ಲಿ ಅತಿ ಪ್ರಸಿದ್ಧವಾದ ಸಂಗತಿಯೇ ಅತಿ ದುರ್ಬಲ ಸಂಗತಿ.

ಹಾಗೆಂದು ಕನ್ಲಿಫ್ ಅವರ ಮೇಲೆ ದೂರು ಹೇಳುತ್ತಿಲ್ಲ. ಅಗೆತ ಮುಗಿದದ್ದು 1969ರಲ್ಲಿ, ಎರಡು ಸಂಪುಟಗಳ ಪೂರ್ಣ ವರದಿ ಅಚ್ಚಾಗಿ ಬಂದದ್ದು 1971ರಲ್ಲಿ. ಅಗೆದು, ಗುಂಡಿ ಮುಚ್ಚಿ, ಅಗೆದವರು ತೀರಿಕೊಂಡರೂ ವರದಿ ಬಾರದ ತಾಣಗಳು ಎಲ್ಲ ದೇಶಗಳಲ್ಲೂ ಇವೆ. ಪದರ ಪದರದ ದಾಖಲೆ ಅಚ್ಚಾಗಿ ಕೈಯಲ್ಲಿರುವುದರಿಂದಲೇ ಅವರ ತೀರ್ಮಾನವನ್ನು ಇವತ್ತು ನಾವು ಪ್ರಶ್ನಿಸಲು ಸಾಧ್ಯವಾಗಿರುವುದು.

ನೆಲವನ್ನು ಉಳಿಸಿದವರ ಹೆಸರನ್ನೂ ಹೇಳಬೇಕು. ಆ ಹೊಲದಲ್ಲಿ ಮನೆಗಳು ಏಳುವ ಅಪಾಯವಿತ್ತು. ಬ್ರಿಟನ್ನಿನ ರೋಮನ್ ರಸ್ತೆಗಳನ್ನು ಅಭ್ಯಾಸ ಮಾಡಿದ ಇವಾನ್ ಮಾರ್ಗರಿ ತಮ್ಮ ಹಣದಿಂದ ಜಾಗ ಕೊಂಡು ಸಸೆಕ್ಸ್ ಪುರಾತತ್ತ್ವ ಸಂಘದ ಕೈಗೆ ಒಪ್ಪಿಸಿದರು. ಉತ್ತರ ಬದಿಯ ಮೇಲೆ ದೊಡ್ಡ ಸೂರು ಕಟ್ಟಿ 1968ರಲ್ಲಿ ಸಾರ್ವಜನಿಕರಿಗೆ ತೆರೆದರು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅಗೆತ ಹೊಲದಲ್ಲಿ ಮುಗಿದರೂ ಉಗ್ರಾಣದಲ್ಲಿ ಮುಗಿಯುವುದಿಲ್ಲ. 1964ರಲ್ಲಿ ಎತ್ತಿದ ಮೂಳೆಗಳ ಪೆಟ್ಟಿಗೆಯಲ್ಲಿ ನಾಲ್ಕು ಸೆಂಟಿಮೀಟರಿನ ಒಂದು ತುಂಡಿತ್ತು, ಯಾವುದೋ ಸಣ್ಣ ಪ್ರಾಣಿಯ ಕಾಲಿನದು. ಅರ್ಧ ಶತಮಾನ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 2017ರಲ್ಲಿ ಪ್ರಾಣಿಮೂಳೆಗಳ ತಜ್ಞೆ ಫೇ ವರ್ಲಿ ಅದು ಮೊಲದ್ದು, ಕಾಡುಮೊಲದ್ದಲ್ಲ, ಬಿಲ ತೋಡುವ ಸಾಕುಮೊಲದ ಜಾತಿಯದು ಎಂದು ಗುರುತಿಸಿದರು. ಈ ಮೊಲದ ಮೂಲ ಸ್ಪೇನ್ ಕಡೆ. ಬ್ರಿಟನ್ನಿಗೆ ಅದನ್ನು ತಂದವರು ಹನ್ನೊಂದನೇ ಶತಮಾನದಲ್ಲಿ ಬಂದ ನಾರ್ಮನ್ನರು ಎಂದೇ ಎಲ್ಲರೂ ನಂಬಿದ್ದರು. ಕಾರ್ಬನ್ ಪರೀಕ್ಷೆ ಮಾಡಿದರೆ ಕ್ರಿಸ್ತಶಕ ಒಂದನೇ ಶತಮಾನ ಎಂದು ಬಂತು. ಒಂದು ಸಾವಿರ ವರ್ಷ ಹಿಂದಕ್ಕೆ ಹೋಯಿತು ಲೆಕ್ಕ. 2019ರಲ್ಲಿ ಈ ಸುದ್ದಿ ಹೊರಬಿತ್ತು. ಮೂಳೆಯ ಮೇಲೆ ಕತ್ತಿಯ ಗೀರಿಲ್ಲ. ಮೂಳೆಯ ರಾಸಾಯನಿಕ ಗುರುತು ನೋಡಿದರೆ ಗೂಡಿನಲ್ಲಿ ಕೂಡಿಹಾಕಿದ್ದ ಮೊಲದಂತೆ ಕಾಣುತ್ತದೆ. ಕೂಡಿಹಾಕಿದ ಮೊಲ ತನ್ನ ಹಿಕ್ಕೆಯನ್ನೇ ತಿನ್ನುತ್ತದೆ, ಅದು ಮೂಳೆಯಲ್ಲಿ ದಾಖಲಾಗುತ್ತದೆ. ಅಡುಗೆಗಲ್ಲ, ಅಕ್ಕರೆಗೆ ಸಾಕಿದ್ದು ಇರಬೇಕು.

ಜಿಂಕೆಯದ್ದೂ ಇದೇ ಕಥೆ. ಮೈಮೇಲೆ ಚುಕ್ಕೆಗಳಿರುವ ಫ್ಯಾಲೋ ಜಿಂಕೆಯನ್ನೂ ನಾರ್ಮನ್ನರ ಲೆಕ್ಕಕ್ಕೇ ಬರೆದಿದ್ದರು. ಫಿಶ್‌ಬೋರ್ನ್‌ನ ಎರಡು ದವಡೆಗಳನ್ನು ನವೋಮಿ ಸೈಕ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಎಳೆ ವಯಸ್ಸಿನಲ್ಲಿ ಹಲ್ಲು ಕಟ್ಟುವಾಗ ಕುಡಿದ ನೀರು, ಮೇದ ಹುಲ್ಲಿನ ಮೂಲಕ ಆ ನೆಲದ ಸ್ಟ್ರಾನ್ಷಿಯಂ ಎಂಬ ಧಾತು ಹಲ್ಲಿಗೆ ಸೇರುತ್ತದೆ. ಬೇರೆ ಬೇರೆ ಬಂಡೆಯ ಸೀಮೆಗೆ ಬೇರೆ ಬೇರೆ ಪ್ರಮಾಣ. ಎರಡರಲ್ಲಿ ಹಳೆಯ ದವಡೆಯ ಜಿಂಕೆ ಮರಿಯಾಗಿದ್ದಾಗ ಹೊರದೇಶದಲ್ಲಿತ್ತು, ಜೀವಂತವಾಗಿ ಹಡಗಿನಲ್ಲಿ ಬಂದದ್ದು. ಇನ್ನೊಂದು ಫಿಶ್‌ಬೋರ್ನ್ ಸುತ್ತಲೇ ಹುಟ್ಟಿ ಬೆಳೆದದ್ದು. ಅಂದರೆ ಅಲ್ಲಿ ಜಿಂಕೆಗಳ ಹಿಂಡನ್ನೇ ಸಾಕಿ ಸಂತತಿ ಬೆಳೆಸಿದ್ದರು. ಅತಿಥಿಗಳಿಗೆ ತೋರಿಸಲು ಅಪರೂಪದ ಪ್ರಾಣಿಗಳನ್ನು ಇಟ್ಟುಕೊಳ್ಳುವುದು ಇಟಲಿಯ ಧನಿಕರ ಶೋಕಿ. ಅದು ಈ ಹಿನ್ನೀರಿನ ದಡಕ್ಕೂ ಬಂದಿತ್ತು.

ಧನ್ಯವಾದ. ಪ್ರಶ್ನೆಗಳಿದ್ದರೆ ಕೇಳಿ.

* * *

‘ಅರಮನೆ ನಾಶವಾದದ್ದು ಹೇಗೆ, ಯಾರಾದರೂ ದಾಳಿ ಮಾಡಿದರೆ?’ ಎಂದು ಹಿರಿಯರೊಬ್ಬರು ಕೇಳಿದರು.

ಬೆಂಕಿ, ಸರ್. ಮೂರನೇ ಶತಮಾನದ ಕೊನೆಯ ಭಾಗದಲ್ಲಿ. ಕುಸಿದ ಹೆಂಚುಗಳ ರಾಶಿ ನೆಲದ ಮೇಲೆ ಬಿದ್ದ ಹಾಗೇ ಇತ್ತು, ಕೆಳಗೆ ಸುಟ್ಟು ಬಣ್ಣಗೆಟ್ಟ ನೆಲ, ಕರಗಿ ಹೆಪ್ಪುಗಟ್ಟಿದ ಸೀಸ. ಆಗ ಉತ್ತರ ಬದಿಯಲ್ಲಿ ನೆಲದಡಿ ಬಿಸಿಗಾಳಿ ಹಾಯಿಸುವ ಹೈಪೊಕಾಸ್ಟ್ ವ್ಯವಸ್ಥೆ ಕಟ್ಟುತ್ತಿದ್ದರು. ಅದು ಅರ್ಧಕ್ಕೇ ನಿಂತಿದೆ. ಕೆಲಸ ನಡೆಯುವಾಗಿನ ಅನಾಹುತವೋ, ಆ ಕಾಲದ ಕಡಲ್ಗಳ್ಳರ ಕೈವಾಡವೋ, ಎರಡನ್ನೂ ಹೇಳುತ್ತಾರೆ. ಸುಟ್ಟ ಮರ ಕಿಡಿ ಹೊತ್ತಿಸಿದವನ ಹೆಸರು ಹೇಳುವುದಿಲ್ಲ. ಮನೆಯವರು ತಿರುಗಿ ಬಂದು ಕಟ್ಟಲಿಲ್ಲ ಎಂಬುದಷ್ಟೇ ಖಚಿತ. ಪಾಳಿನಲ್ಲಿ ಆಮೇಲೆ ಯಾರೋ ಹೆಣಗಳನ್ನು ಹೂಳಿದ್ದಾರೆ, ಮೇಲೆ ನೇಗಿಲು ಹಾಯ್ದಿದೆ.

‘ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟಿದೆಯೇ?’ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು.

ಅರಮನೆಗೂ ನಮಗೂ ನೇರ ನಂಟಿಲ್ಲಮ್ಮ, ಎಳೆದು ತರುವುದೂ ಬೇಡ. ಆದರೆ ಎರಡು ಮಾತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಪದರಗಳ ಜೊತೆ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನ ಆಳ್ವಿಕೆ 14ರಿಂದ 37, ಫಿಶ್‌ಬೋರ್ನ್ ಕಣಜಗಳಿಗಿಂತ ತುಸು ಮುಂಚೆ. ಒಂದೇ ಸಾಮ್ರಾಜ್ಯದ ಪಡುವಣ ತುದಿಗೆ ಸೈನ್ಯ ಹೋಯಿತು, ನಮ್ಮ ಕಡೆಗೆ ನಾಣ್ಯ ಬಂತು. ಎರಡನೆಯದು, ಚಂದ್ರವಳ್ಳಿಯಲ್ಲಿ ಮುಂಚೆ ಅಗೆದವರಲ್ಲಿ ಒಬ್ಬರು ಮೈಸೂರಿನ ಎಂ.ಎಚ್. ಕೃಷ್ಣ. 1947ರಲ್ಲಿ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆದವರು ಮಾರ್ಟಿಮರ್ ವ್ಹೀಲರ್. ಭಾರತಕ್ಕೆ ಬರುವ ಮುಂಚೆ ಇಂಗ್ಲೆಂಡಿನ ರೋಮನ್ ಪಟ್ಟಣ ವೆರುಲೇಮಿಯಂನಲ್ಲಿ ಪದರ ಪದರವಾಗಿ ಅಗೆಯುವ ಶಿಸ್ತು ಕಟ್ಟಿದವರು. ಬ್ರಹ್ಮಗಿರಿಯ ಮಣ್ಣನ್ನು ಓದಿದ್ದೂ ಫಿಶ್‌ಬೋರ್ನ್‌ನ ಮಣ್ಣನ್ನು ಓದಿದ್ದೂ ಒಂದೇ ಪಾಠಶಾಲೆಯ ಕಣ್ಣು.

‘ನಕ್ಷೆಯಲ್ಲಿ ದಕ್ಷಿಣ ಬದಿಯನ್ನು ಚುಕ್ಕೆಗೆರೆಯಲ್ಲಿ ತೋರಿಸಿದ್ದೀರಿ. ಅಗೆಯಲಿಲ್ಲವೇ?’ ಇದು ಕೊನೆಯ ಪ್ರಶ್ನೆ.

ಅಗೆಯಲು ಜಾಗವಿಲ್ಲ. ದಕ್ಷಿಣ ಬದಿಯ ಮೇಲೆ ಈಗ ಊರಿನ ಮುಖ್ಯ ರಸ್ತೆ ಇದೆ, ಜನ ವಾಸವಿರುವ ಮನೆಗಳಿವೆ, ಅವರ ಹಿತ್ತಿಲುಗಳಿವೆ. ಒಡೆಯನ ಖಾಸಗಿ ಕೋಣೆಗಳು ಸಮುದ್ರಕ್ಕೆ ಮುಖ ಮಾಡಿ ಅಲ್ಲೇ ಇದ್ದವು ಎಂಬ ಊಹೆ ಇರುವುದರಿಂದ ಎಲ್ಲರ ಕಣ್ಣೂ ಆ ಕಡೆಗೇ. ಆದರೆ 1990ರಿಂದ ಇಂಗ್ಲೆಂಡಿನಲ್ಲಿ ಕಟ್ಟಡ ಪರವಾನಗಿಯ ನಿಯಮ ಬದಲಾಗಿದೆ. ಪುರಾತತ್ತ್ವದ ಮಹತ್ವವಿರುವ ಕಡೆ ಏನಾದರೂ ಕಟ್ಟುವವರು ಮೊದಲು ಅಲ್ಲಿನ ಮಣ್ಣನ್ನು ಪರೀಕ್ಷಿಸಲು ಅವಕಾಶ ಕೊಡಬೇಕು, ಖರ್ಚೂ ಅವರದೇ ಎಂಬ ಪದ್ಧತಿ ಬಂದಿದೆ. ಹಾಗಾಗಿ ಅಲ್ಲಿ ಯಾರಾದರೂ ಒಂದು ಕೋಣೆ ಹೆಚ್ಚಿಸಲು ಪಾಯ ತೋಡಿದರೂ ಪಕ್ಕದಲ್ಲಿ ಪುರಾತತ್ತ್ವದವರು ನಿಂತು ನೋಡಿ ಅಳತೆ ಬರೆದುಕೊಳ್ಳಬೇಕಾಗುತ್ತದೆ. ದಕ್ಷಿಣ ಬದಿಯ ಚುಕ್ಕೆಗೆರೆ ಗಟ್ಟಿ ಗೆರೆಯಾಗುವುದಾದರೆ ಹಾಗೆ, ಒಂದೊಂದು ಹಿತ್ತಿಲಿನ ಲೆಕ್ಕದಲ್ಲಿ.